ಹದಿನಾಲ್ಕು ವರ್ಷದ ಮೇಸ್ತ್ರಿ

ಅವರು ತೀರಿಕೊಂಡ ಸುದ್ದಿ ತಂದವನನ್ನು ನಾನು ಮಾಮೂಲಿನಂತೆ ಕೇಳಿದೆ, ವಯಸ್ಸೆಷ್ಟಾಗಿತ್ತು ಎಂದು. "ಎಪ್ಪತ್ತೋ ತೊಂಬತ್ತೋ, ಯಾರಿಗ್ ಗೊತ್ತು ಸಾ" ಎಂದ. ಸಾವಿನ ಸುದ್ದಿಗೆ ನಗಬಾರದು, ಆದರೂ ನನಗೆ ನಗು ಬಂತು. ಅವನು ಮುಖ ಸಿಂಡರಿಸಿಕೊಂಡು ಹೊರಟುಹೋದ. ಅವನಿಗೆ ಹೇಳಬೇಕೆಂದಿದ್ದ ಕಾರಣವನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಬೇಡ. ಕಾರ್ಖಾನೆಯಲ್ಲಿ ಎಲ್ಲರೂ ಕರೆಯುತ್ತಿದ್ದ ಹಾಗೆ ಮೇಸ್ತ್ರಿಗಳು ಎಂದೇ ಕರೆಯುತ್ತೇನೆ.

ಆಗ ಕೊಳ್ಳೇಗಾಲ ಮದರಾಸಿಗೆ ಸೇರಿತ್ತು. ಪಕ್ಕದ ಯಳಂದೂರು ಮೈಸೂರಿಗೆ. ನಾನು ಕೊಳ್ಳೇಗಾಲದ ಒಂದು ರೇಷ್ಮೆ ಹುರಿ ಕಾರ್ಖಾನೆಯಲ್ಲಿ ಹೊಸದಾಗಿ ಗುಮಾಸ್ತನಾಗಿ ಸೇರಿದ್ದೆ. ನೂಲಿನ ಎಳೆಗಳನ್ನು ಜೋಡಿಸಿ ತಿರುಚಿ ಗಟ್ಟಿಮಾಡುವುದಕ್ಕೆ ಹುರಿ ಎನ್ನುತ್ತಾರೆ. ಎಂಜಿನ್ನು ನಿಲ್ಲಿಸಿದರೆ ನಷ್ಟವೆಂದು ನಮ್ಮ ಸಾಹುಕಾರರು ಹಗಲೂ ರಾತ್ರಿ ಓಡಿಸುತ್ತಿದ್ದರು. ರಾತ್ರಿ ಪಾಳಿಯ ಯಜಮಾನಿಕೆಯೆಲ್ಲ ಮೇಸ್ತ್ರಿಗಳದು.

ಎತ್ತರದಲ್ಲಿ ಅವರು ನನ್ನ ಎದೆಗೂ ಬರುತ್ತಿರಲಿಲ್ಲ. ಗಡ್ಡ ಮೀಸೆ ಒಂದೂ ಇಲ್ಲ, ಕೆನ್ನೆ ಹಾಲುಗೆನ್ನೆ, ಧ್ವನಿ ತೆಳ್ಳಗೆ. ಆ ಧ್ವನಿಯಲ್ಲೇ ಅವರು ನೂಲು ಸುತ್ತುವ ಬಾಬಿನ್ನುಗಳ ಪೆಟ್ಟಿಗೆಯೊಂದನ್ನು ಬೋರಲು ಹಾಕಿ, ಅದರ ಮೇಲೆ ನಿಂತು, ತಮಗಿಂತ ಎರಡರಷ್ಟಿದ್ದ ಗಂಡಸರನ್ನು "ಲೇ ಮಗ, ಎಳೆ ಕಿತ್ತೋಗ್ಯದ ಕಣ್ಲಾ" ಎಂದು ಗದರಿಸುತ್ತಿದ್ದರು. ಗಂಡಸರು ತಲೆ ತಗ್ಗಿಸಿ ಎಳೆ ಕಟ್ಟುತ್ತಿದ್ದರು. ಪೆಟ್ಟಿಗೆಯ ಮೇಲಿಂದ ಇಳಿಯುವಾಗ ಕೈ ಕೊಡಲು ಯಾರಾದರೂ ಮುಂದೆ ಬಂದರೆ ಮಾತ್ರ ಅವರಿಗೆ ಕೆಂಡದಂಥ ಕೋಪ.

ಅವರ ಜೊತೆ ಒಮ್ಮೆ ಯಳಂದೂರು ಬಸ್ಸು ಹತ್ತಿದ್ದೆ. ಕಂಡಕ್ಟರು ನನಗೆ ಒಂದು ಟಿಕೆಟ್ಟು, ಅವರಿಗೆ ಅರ್ಧ ಟಿಕೆಟ್ಟು ಹರಿದ. ಮೇಸ್ತ್ರಿಗಳು ಅದನ್ನು ಹಿಂದಕ್ಕೆ ಕೊಟ್ಟು, "ಪೂರ್ತಿ ಕೊಡ್ಲಾ. ನಿಮ್ಮಪ್ಪನ್ ಮದ್ವೇಲಿ ಚಪ್ಪರ ಆಕ್ದೋನು ನಾನು" ಎಂದರು.

"ನಮ್ಮಪ್ಪನ್ ಮದ್ವೇಗ ನೀನು ಉಟ್ಟೇ ಇರ್ನಿಲ್ಲ ಕಣ್ ಮಗ, ಸುಮ್ಕ ಕೂತ್ಕ" ಎಂದು ಕಂಡಕ್ಟರು ಅವರ ತಲೆ ಸವರಿ ಮುಂದೆ ಹೋದ. ಅವರು ಇಳಿಯುವತನಕ ಬಿಡಲಿಲ್ಲ. ಕೊನೆಗೆ ಪೂರ್ತಿ ಟಿಕೆಟ್ಟು ಹರಿಸಿಕೊಂಡು, ಅದನ್ನು ರುಮಾಲಿನ ಮಡಿಕೆಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಸಿಕ್ಕಿಸಿಕೊಂಡೇ ಇಳಿದರು.

ಹೀಗಿರುವಾಗ ಕಾರ್ಖಾನೆಗಳಿಗೆ ಹೊಸ ಕಾನೂನು ಬಂತು. ಎಳೆಯರನ್ನು ರಾತ್ರಿ ಹೊತ್ತು ದುಡಿಸಕೂಡದು, ಹಗಲಲ್ಲೂ ಅರ್ಧ ದಿನ ಮಾತ್ರ, ವಯಸ್ಸನ್ನು ಡಾಕ್ಟರು ನೋಡಿ ಬರೆದುಕೊಡಬೇಕು. ಒಳ್ಳೆಯ ಕಾನೂನೇ. ನಮ್ಮಲ್ಲಿ ರಾತ್ರಿ ತೂಕಡಿಸುತ್ತ ಎಳೆ ಕಟ್ಟುವ ಮಕ್ಕಳು ಬೇಕಾದಷ್ಟಿದ್ದರು. ಅದನ್ನು ಜಾರಿಗೆ ತರಲು ಕೊಯಮತ್ತೂರಿನ ಕಡೆಯಿಂದ ಒಬ್ಬ ಇನ್ಸ್‌ಪೆಕ್ಟರು ಬಂದರು. ಚಿಕ್ಕ ವಯಸ್ಸಿನ, ದುಂಡು ಕನ್ನಡಕದ ಮನುಷ್ಯ. ಲಂಚ ಮುಟ್ಟುತ್ತಿರಲಿಲ್ಲ, ನಗುತ್ತಿರಲಿಲ್ಲ, ಪುಸ್ತಕದಿಂದ ಕಲಿತ ಕನ್ನಡವನ್ನು ಒಂದೊಂದೇ ಪದವಾಗಿ ಆಡುತ್ತಿದ್ದರು. ಅವರನ್ನು ಕಂಡರೆ ಸಾಹುಕಾರರಿಗೆ ನಡುಕ.

ಅವರು ಕಾರ್ಖಾನೆಯ ಅಂಗಳಕ್ಕೆ ಬಂದಾಗ ಮೇಸ್ತ್ರಿಗಳು ಪೆಟ್ಟಿಗೆಯ ಮೇಲೆ ನಿಂತು ಆಳುಗಳನ್ನು ಸಾಲು ಮಾಡಿಸುತ್ತಿದ್ದರು. ಇನ್ಸ್‌ಪೆಕ್ಟರು ಗಾಬರಿಯಿಂದ, "ಆ ಹುಡುಗನನ್ನು ಕೆಳಗಿಳಿಸಿ. ಬಿದ್ದರೆ ಯಾರು ಹೊಣೆ?" ಎಂದರು.

"ಅವರು ಹುಡುಗರಲ್ಲ ಸಾರ್, ನಮ್ಮ ರಾತ್ರಿ ಪಾಳಿಯ ಮೇಸ್ತ್ರಿ" ಎಂದೆ ನಾನು.

"ಹುಡುಗನನ್ನು ರಾತ್ರಿ ಮೇಸ್ತ್ರಿ ಮಾಡಿದ್ದೀರಾ? ಇದು ಇನ್ನೂ ದೊಡ್ಡ ತಪ್ಪು."

ನಾನು ಸಾಹುಕಾರರ ಮುಖ ನೋಡಿದೆ. ಅವರು ಬೇವಿನ ಮರದ ಕಾಗೆ ನೋಡುತ್ತಿದ್ದರು. ಬಾಯಿ ಬಿಟ್ಟರೆ ಮಿಕ್ಕ ಮಕ್ಕಳ ಮಾತು ಬರುತ್ತದೆಂಬ ಹೆದರಿಕೆ ಅವರಿಗೆ.

ಮರದ ಕೆಳಗೆ ಮೇಜು ಹಾಕಿಕೊಂಡು ಜೊತೆಗೆ ಬಂದಿದ್ದ ಡಾಕ್ಟರು ಕುಳಿತಿದ್ದರು. ಮೇಸ್ತ್ರಿಗಳ ಬಾಯಿ ತೆಗೆಸಿ, ಬೆರಳು ಹಾಕಿ ದವಡೆ ತಡವಿದರು. ಮೇಲ್ದುಟಿಯನ್ನು ಉಜ್ಜಿ ನೋಡಿದರು. ಗೋಡೆಗೆ ನಿಲ್ಲಿಸಿ ಅಳೆದರು. "ಬುದ್ಧಿಹಲ್ಲು ಬಂದಿಲ್ಲ. ಮೀಸೆ ಇಲ್ಲ. ಎತ್ತರ ಇಲ್ಲ. ಹದಿನಾಲ್ಕು" ಎಂದು ಬರೆದುಕೊಂಡರು.

"ಸ್ವಾಮಿ, ನಂಗ ಮೂರು ಮಕ್ಳವೆ" ಎಂದರು ಮೇಸ್ತ್ರಿಗಳು.

ಡಾಕ್ಟರು ತಲೆಯೆತ್ತಲಿಲ್ಲ. "ಕೆಲಸ ಹೋಗುತ್ತದೆ ಅಂತ ಎಲ್ಲ ಹುಡುಗರೂ ಹೀಗೇ ಹೇಳುತ್ತಾರೆ. ಹಿಂದಿನ ಊರಿನಲ್ಲಿ ಒಬ್ಬ ನಾಲ್ಕು ಎಂದ. ಮುಂದಿನವನು ಬಾ."

ಸಾಲಿನ ಕೊನೆಯಲ್ಲಿ ಮೇಸ್ತ್ರಿಗಳಿಗೆ ಊಟದ ಬುತ್ತಿ ತಂದಿದ್ದ ಅವರ ಹಿರಿಮಗ ನಿಂತಿದ್ದ. ತಾಯಿಯ ಕಡೆಯ ಮೈಕಟ್ಟು. ಹದಿಮೂರಕ್ಕೇ ಬಾಗಿಲಿಗೆ ತಲೆ ತಗುಲುವ ಎತ್ತರ, ತುಟಿಯ ಮೇಲೆ ಕರೀ ಕೂದಲು. ಅವನು ಕೆಲಸದವನಲ್ಲ, ಸುಮ್ಮನೆ ತಮಾಷೆ ನೋಡಲು ನಿಂತಿದ್ದ. ಡಾಕ್ಟರು ಅವನನ್ನೂ ನೋಡಿದರು, ಹದಿನೆಂಟು ತುಂಬಿದೆ ಎಂದು ಕಾಗದ ಬರೆದು ಕೈಗೆ ಕೊಟ್ಟರು. ಸಾಹುಕಾರರು ಕಾಗೆಯಿಂದ ಕಣ್ಣು ಕಿತ್ತು ಅವನ ಕಡೆ ನೋಡಿದ್ದು ನನಗೆ ಕಾಣಿಸಿತು.

ಮರುದಿನದಿಂದ ಮೇಸ್ತ್ರಿಗಳು ಮಕ್ಕಳ ಜೊತೆ ಬೆಳಗಿನ ಅರ್ಧ ದಿನದ ಕೆಲಸಕ್ಕೆ ಬಂದರು. ಕುತ್ತಿಗೆಗೆ ಎಳೆಯರ ತಗಡಿನ ಬಿಲ್ಲೆ. ಅವರು ಗದರಿಸುತ್ತಿದ್ದ ಹುಡುಗಿಯರು ಈಗ ಪಕ್ಕದಲ್ಲಿ ಕೂತು ಕುಂಟೆಬಿಲ್ಲೆಗೆ ಕರೆಯುತ್ತಿದ್ದರು. ಒಂದು ಸಂಜೆ ಅಭ್ಯಾಸಬಲದಿಂದ ರಾತ್ರಿ ಪಾಳಿಯ ಹೊತ್ತಿಗೆ ಗೇಟಿಗೆ ಬಂದರೆ ಕಾವಲಿನವನು ಅಡ್ಡ ನಿಂತ.

"ಒತ್ತು ಮುಳುಗ್ತಾ ಅದ, ಮನ್ಗೋಗು ಮಗ" ಎಂದ. ಆಮೇಲೆ ಧ್ವನಿ ತಗ್ಗಿಸಿ, "ನಂಗೇನೂ ಅನ್ಬೇಡಿ ಮೇಸ್ತ್ರಿ. ಇನ್ಸ್‌ಪೆಕ್ಟ್ರು ಇಂಗೇ ಏಳು ಅಂದವ್ರೆ" ಎಂದ.

ವಯಸ್ಸು ರುಜುವಾತು ಮಾಡಬೇಕಿತ್ತು. ಅವರು ಹುಟ್ಟಿದ್ದು ಹೊನ್ನೂರಿನಲ್ಲಿ, ಯಳಂದೂರಿನ ಕಡೆ. ನಾನೂ ಜೊತೆಗೆ ಹೋದೆ. ಬಸ್ಸು ಮೈಸೂರಿನ ಗಡಿಯ ಕಲ್ಲು ದಾಟಿದ್ದೇ ಮೇಸ್ತ್ರಿಗಳು ಬಿಲ್ಲೆಯನ್ನು ತೆಗೆದು ಜೇಬಿಗೆ ಹಾಕಿ, ರುಮಾಲು ಬಿಗಿದು ಸುತ್ತಿ, ಬೆನ್ನು ನೆಟ್ಟಗೆ ಮಾಡಿ ಕುಳಿತರು. "ಇಲ್ಲಿಂದಾಚ್ಗ ನಾನು ದೊಡ್ಡೋನು" ಎಂದರು. ಅಲ್ಲಿಯ ಮುದಿ ಶ್ಯಾನುಭೋಗರಿಗೆ ಎಲ್ಲವೂ ನೆನಪಿತ್ತು. ಮೇಸ್ತ್ರಿಗಳು ಹುಟ್ಟಿದ ವರ್ಷವೇ ಅವರ ಕೆಂದ ಹಸು ಕಳುವಾಗಿತ್ತಂತೆ. ಹಸುವಿನ ಕಥೆಯನ್ನು ದಾರಿಯುದ್ದಕ್ಕೂ ಹೇಳುತ್ತ ಪಾಪ ಕೊಳ್ಳೇಗಾಲದವರೆಗೂ ಬಂದು ಇನ್ಸ್‌ಪೆಕ್ಟರ ಮುಂದೆ ನಿಂತರು.

ಇನ್ಸ್‌ಪೆಕ್ಟರು ಗೌರವದಿಂದಲೇ ಕೇಳಿಸಿಕೊಂಡರು. "ಮೈಸೂರಿನ ಶ್ಯಾನುಭೋಗರ ಮಾತು ಮೈಸೂರಿನಲ್ಲಿ ಸರಿ. ಅಲ್ಲಿ ಈ ಹುಡುಗನಿಗೆ ಎಷ್ಟು ವಯಸ್ಸಾದರೂ ನನ್ನ ಅಭ್ಯಂತರವಿಲ್ಲ" ಎಂದರು.

ಆಮೇಲೆ ಹನೂರಿನಿಂದ ಅತ್ತೆಯನ್ನು ಕರೆಸಿದರು. ಅತ್ತೆ ಎಲೆಯಡಿಕೆ ಜಗಿಯುತ್ತ ಬಂದು, ಅಳಿಯನಿಗೆ ಮದುವೆಯಾಗಿ ಬಹಳ ಕಾಲವಾಯಿತೆಂದು ಅರ್ಧ ತಮಿಳು ಅರ್ಧ ಕನ್ನಡದಲ್ಲಿ ವಿವರಿಸಿದರು. ಇನ್ಸ್‌ಪೆಕ್ಟರು ಕೇಳಿದರು: "ಮದುವೆಯ ಕಾಲದಲ್ಲಿ ಇವನು ಎಷ್ಟು ದೊಡ್ಡವನಿದ್ದ?"

"ಇಷ್ಟೇ ಇದ್ದ ಸಾಮಿ. ಈಗ್ಲೂ ಇಷ್ಟೇ ಅವ್ನೆ. ಬೆಳೀನಿಲ್ಲ ಅಂದ್ರ ನಾನೇನ್ ಮಾಡನ" ಎಂದರು ಅತ್ತೆ.

ಇನ್ಸ್‌ಪೆಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಅಂದರೆ ಇದಕ್ಕಿಂತಲೂ ಚಿಕ್ಕ ವಯಸ್ಸಿನಲ್ಲಿ ಇವನಿಗೆ ಮದುವೆ ಮಾಡಿದ್ದೀರಿ. ಬಾಲ್ಯವಿವಾಹ ಅಪರಾಧ, ಗೊತ್ತೇ ಅಮ್ಮ? ಅದು ನನ್ನ ಇಲಾಖೆಯಲ್ಲ. ಆದರೆ ಪೊಲೀಸರಿಗೆ ತಿಳಿಸುವುದು ನನ್ನ ಕರ್ತವ್ಯ."

ಅತ್ತೆ ಮಧ್ಯಾಹ್ನದ ಬಸ್ಸಿಗೇ ಹನೂರಿಗೆ ಹೊರಟುಹೋದರು. ಆಮೇಲೆ ಬಹಳ ದಿನ ಮಗಳ ಮನೆಗೆ ಬರಲಿಲ್ಲ.

ಇಷ್ಟಾದರೂ ಮೇಸ್ತ್ರಿಗಳು ಕುಗ್ಗಿರಲಿಲ್ಲ. ಮಕ್ಕಳ ಮಧ್ಯೆ ಕೂತೂ ಅವರ ಗದರಿಕೆ ನಡೆದೇ ಇತ್ತು. ಅವರು ಮಾತು ಬಿಟ್ಟಿದ್ದು ಮಗ ರಾತ್ರಿ ಪಾಳಿಗೆ ಸೇರಿದ ಮೇಲೆ.

ಸಾಹುಕಾರರು ಹುಡುಗನನ್ನು ತಾವೇ ಕರೆಸಿ, "ನಿಮ್ಮಪ್ಪನ್ ಜಾಗ ಖಾಲಿ ಅದ" ಎಂದಿದ್ದರು. ಹುಡುಗನ ಕಾಲು ನೆಲಕ್ಕೆ ತಾಗಲಿಲ್ಲ. ಕಾಗದವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು, ಬೀಡಿ ಕಚ್ಚಿಕೊಂಡು ಹೊರಟ. ಅಪ್ಪ ಬೇಡವೆಂದರು, ಕೈ ಹಿಡಿದರು. "ನಾನು ದೊಡ್ಡೋನು, ಕಾಗ್ಜ ಅದ. ಚಿಕ್ಕುಡ್ಗ ನೀನು, ಸುಮ್ಕಿರು" ಎಂದು ಅವನು ಅಪ್ಪನ ಕೈ ಬಿಡಿಸಿಕೊಂಡ. ಇದನ್ನು ನನಗೆ ಹೇಳಿದವರು ಅವನ ತಾಯಿ. ಹೇಳುವಾಗ ಅವರು ಎಲ್ಲೋ ನೋಡುತ್ತಿದ್ದರು.

ಎರಡು ವಾರದಲ್ಲಿ ಹುಡುಗನ ಕಣ್ಣು ಗುಳಿ ಬಿದ್ದವು. ಒಂದು ಮುಂಜಾನೆ ಗೇಟಿನ ಬಳಿ ಮೇಸ್ತ್ರಿಗಳು ಕಾಯುತ್ತಿದ್ದರು. ನಾನೂ ಆಗತಾನೆ ಬಂದಿದ್ದೆ. ಮಗ ಗೋಡೆ ಹಿಡಿದುಕೊಂಡು ಹೊರಬಂದು, ನಮ್ಮಿಬ್ಬರನ್ನೂ ನೋಡಿದರೂ ಗುರುತು ಸಿಗದವನ ಹಾಗೆ ಹೊರಟುಹೋದ. ಮೇಸ್ತ್ರಿಗಳು ಅವನ ಬೆನ್ನನ್ನೇ ನೋಡುತ್ತಾ ನಿಂತರು.

"ಅವನಷ್ಟು ವಯಸ್ನಲ್ಲಿ ನಾನೂ ಇಂಗೇ ಬರ್ತಿದ್ದಿ ಸಾ" ಎಂದರು. "ಅವನ್ಗಿಂತ ಚಿಕ್ಕೋನಿದ್ದಾಗ್ಲೇ ರೇಸ್ಮೆ ಗೂಡು ಬೇಯ್ಸ ಒಲೆ ಮುಂದ ಕೂರ್ಸಿದ್ರು. ತೂಕಡ್ಸುದ್ರ ಮುಕಕ್ಕ ನೀರು ಎರಚೋರು. ಮಕ್ಳು ಮಲ್ಗಿದ್ದಾಗ ಬೆಳೀತವಂತ. ನಾನು ಮಲಗ್ನಿಲ್ಲ."

ಆ ವಿಷಯವನ್ನು ಮತ್ತೆಂದೂ ಅವರ ಬಾಯಲ್ಲಿ ಕೇಳಲಿಲ್ಲ.

ಮೇಸ್ತ್ರಿಗಳು ಆ ಮಧ್ಯಾಹ್ನವೇ ಇನ್ಸ್‌ಪೆಕ್ಟರು ಇಳಿದಿದ್ದ ಬಂಗಲೆಗೆ ಹೋದರು. ಬರಹ ಗೊತ್ತಿರುವವನೊಬ್ಬ ಇರಲಿ ಎಂದು ನನ್ನನ್ನೂ ಎಳೆದುಕೊಂಡು ಹೋದರು.

"ಸ್ವಾಮಿ, ನನ್ ಮಗನ್ಗ ಹದಿಮೂರು. ರಾತ್ರಿ ಪಾಳಿಗ ಆಕವ್ರೆ. ಬುಡ್ಸಿ" ಎಂದರು.

ಇನ್ಸ್‌ಪೆಕ್ಟರು ಪೆನ್ನು ತೆಗೆದರು. ಮಕ್ಕಳನ್ನು ಬಿಡಿಸುವ ಮಾತೆಂದರೆ ಅವರಿಗೆ ಎಲ್ಲಿಲ್ಲದ ಉತ್ಸಾಹ. ನಾಲ್ಕು ಅಕ್ಷರ ಬರೆದು ನಿಲ್ಲಿಸಿದರು. "ಯಾರ ಮಗ?"

"ನನ್ ಮಗ."

"ತಂಬಿ, ನಿನಗೆ ಹದಿನಾಲ್ಕು."

"ಔದು ಸ್ವಾಮಿ."

"ನಿನ್ನ ಮಗನಿಗೆ ಹದಿಮೂರು."

"ಔದು ಸ್ವಾಮಿ."

ಇನ್ಸ್‌ಪೆಕ್ಟರು ಪೆನ್ನನ್ನು ಕೆಳಗಿಟ್ಟು ನನ್ನ ಕಡೆ ನೋಡಿದರು. ನಾನು ಹೌದೆಂದು ತಲೆ ಆಡಿಸಿದೆ. ಅವರು ಎದ್ದು ಕಿಟಕಿಯ ಹತ್ತಿರ ಹೋಗಿ ನಮಗೆ ಬೆನ್ನು ಮಾಡಿ ನಿಂತರು. ತಂದೆ ಹುಡುಗನಾದರೆ ದೂರು ಕೊಡಲು ಮಗನೇ ಇಲ್ಲ. ಮಗ ಹುಡುಗನಾದರೆ ತಂದೆಯ ಕಾಗದ ಸುಳ್ಳು. ಪ್ರಾಮಾಣಿಕ ಮನುಷ್ಯನಿಗೆ ಬಂದ ಸಂಕಟ ಅದು. ಅವರ ಕತ್ತಿನ ಹಿಂಭಾಗ ಕೆಂಪಾಗಿದ್ದು ನಮಗೆ ಕಾಣುತ್ತಿತ್ತು.

ತಿರುಗಿ ಬಂದು ಅವರು ಮೆಲ್ಲಗೆ ಹೇಳಿದರು: "ಎರಡೂ ತಪ್ಪು ಎಂದು ಬರೆದರೆ ಆ ದಿನದ ಎಲ್ಲ ಕಾಗದವೂ ತಪ್ಪಾಗುತ್ತದೆ. ಬಿಡಿಸಿದ ಮಕ್ಕಳನ್ನೆಲ್ಲ ನಿಮ್ಮ ಸಾಹುಕಾರರು ರಾತ್ರಿಗೆ ಮತ್ತೆ ಎಳೆದುಕೊಳ್ಳುತ್ತಾರೆ. ಒಂದಾದರೆ ಬರೆಯುವಾಗಿನ ಕೈತಪ್ಪು ಎನ್ನಬಹುದು. ಒಂದನ್ನು ತಿದ್ದುತ್ತೇನೆ. ಯಾವುದು ಎಂದು ನೀವೇ ಹೇಳಿ."

ಮೇಸ್ತ್ರಿಗಳನ್ನು ಅವರು 'ನೀವು' ಎಂದಿದ್ದು ಅದೇ ಮೊದಲು.

ತಮ್ಮ ಕಾಗದ ತಿದ್ದಿಸಿಕೊಂಡರೆ ಮೇಸ್ತ್ರಿಕೆ, ಪೂರ್ತಿ ಸಂಬಳ, ಪೆಟ್ಟಿಗೆಯ ಮೇಲಿನ ಜಾಗ ಎಲ್ಲ ಮರಳಿ ಬರುತ್ತಿತ್ತು. ನಾನು ಅವರ ಕಿವಿಯಲ್ಲಿ ಅದನ್ನೇ ಹೇಳಿದೆ. ನೀವು ದೊಡ್ಡವರಾಗಿ, ಮಗನನ್ನು ನೀವೇ ಮನೆಯಲ್ಲಿ ನಿಲ್ಲಿಸಿಕೊಳ್ಳಿ ಎಂದೆ.

"ನಾ ಏಳುದ್ರ ಕೇಳಾನಾ ಅವ್ನು. ಆ ಕಾಗ್ಜ ಜೇಬ್ನಲ್ಲಿರಗಂಟ ಊರಲ್ಲಿರ ಯಾವ್ ಕಾರ್ಖಾನೆಗಾರೂ ಓಯ್ತಾನೆ" ಎಂದರು. ಇನ್ಸ್‌ಪೆಕ್ಟರ ಕಡೆ ತಿರುಗಿ, "ಅವನ್ದು ತಿದ್ದಿ ಸ್ವಾಮಿ. ನನ್ದು ಎಂಗದೋ ಅಂಗೇ ಇರ್ಲಿ" ಎಂದರು.

ಆದರೆ ಹದಿನಾಲ್ಕರ ಹುಡುಗನಿಗೆ ಹದಿಮೂರರ ಹುಡುಗ ಏನಾಗಬೇಕೆಂದು ಬರೆಯಬೇಕಲ್ಲ. ಇನ್ಸ್‌ಪೆಕ್ಟರು ಪೆನ್ನು ಹಿಡಿದು ಕೂತರು. "ಅಣ್ತಮ್ದೀರು ಅಂತ ಬರ್ಕಳಿ" ಎಂದು ಮೇಸ್ತ್ರಿಗಳೇ ದಾರಿ ತೋರಿಸಿದರು. ಹಾಗೇ ಬರೆದಾಯಿತು. ಇಬ್ಬರೂ ಎಳೆಯರಾದ್ದರಿಂದ ಮನೆಯ ದೊಡ್ಡವರೊಬ್ಬರ ಹೆಬ್ಬೆಟ್ಟು ಬೇಕೆಂದರು ಇನ್ಸ್‌ಪೆಕ್ಟರು. ಮನೆಯಲ್ಲಿ ದೊಡ್ಡವರೆಂದರೆ ಉಳಿದದ್ದು ಮೇಸ್ತ್ರಿಗಳ ಹೆಂಡತಿ ಒಬ್ಬರೇ. ನಾನು ಹೋಗಿ ಕರೆತಂದೆ.

ಆಕೆ ಎತ್ತರದ, ಗಟ್ಟಿಮುಟ್ಟಾದ ಹೆಂಗಸು. ಮನೆಯಲ್ಲಿ ಕೂತು, ನೇಯುವವರ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದರು. ಕೈಯಲ್ಲಿ ನೂಲು ಅಂಟಿಕೊಂಡೇ ಬಂದು, "ಯಾರ್ ಪರವಾಗಿ ಒತ್ಬೇಕು?" ಎಂದು ಕೇಳಿದರು.

"ನಿಮ್ಮ ಮನೆಯ ಈ ಇಬ್ಬರು ಹುಡುಗರ ಪರವಾಗಿ" ಎಂದರು ಇನ್ಸ್‌ಪೆಕ್ಟರು.

ಆಕೆ ಗಂಡನನ್ನು ರುಮಾಲಿನಿಂದ ಹೆಬ್ಬೆರಳಿನತನಕ ನೋಡಿದರು. "ಮನೇಲಿ ಇನ್ನೂ ಎರಡವೆ. ಅವನ್ನೂ ಕರ್ಕಬರ್ಲಾ?" ಎಂದರು. ಇನ್ಸ್‌ಪೆಕ್ಟರು ಮಸಿಯ ಡಬ್ಬಿಯನ್ನು ಮುಂದೆ ತಳ್ಳಿದರು. ಆಕೆ ಹೆಬ್ಬೆಟ್ಟು ಒತ್ತಿ, ಮಸಿಯನ್ನು ಬಂಗಲೆಯ ಕಂಬಕ್ಕೆ ಒರೆಸಿ, ಗಂಡನ ಮುಂದೆ ಮುಂದೆ ನಡೆದುಕೊಂಡು ಹೋದರು.

ಮಗನ ಜೇಬಿನಿಂದ ಕಾಗದವನ್ನು ಇನ್ಸ್‌ಪೆಕ್ಟರೇ ಕೈಯಾರೆ ತೆಗೆದುಕೊಂಡರು. ಹುಡುಗ ಮೂರು ದಿನ ಅಪ್ಪನ ಜೊತೆ ಮಾತಾಡಲಿಲ್ಲ. ಅದರಲ್ಲಿ ಎರಡು ದಿನ ಮಲಗಿ ನಿದ್ದೆ ಮಾಡಿದ್ದರಿಂದ ಲೆಕ್ಕಕ್ಕೆ ಬರುವುದಿಲ್ಲ ಎನ್ನುತ್ತಿದ್ದರು ತಾಯಿ.

ಮೇಸ್ತ್ರಿಗಳು ಯಾವುದನ್ನೂ ಅರ್ಧಂಬರ್ಧ ಹಿಡಿಯುವವರಲ್ಲ. ಕಾನೂನು ಕಾರ್ಖಾನೆಗೆ ಮಾತ್ರ ಅನ್ವಯಿಸುತ್ತದೆ, ಮನೆಯೊಳಗೆ ಬರುವುದಿಲ್ಲ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ದೀಪ ಹಚ್ಚಿದ ಮೇಲೆ ಅವರ ಮನೆಯಲ್ಲಿ ಎಳೆಯರು ಯಾರೂ ರಾಟೆ ಮುಟ್ಟುವ ಹಾಗಿಲ್ಲ. ಎಳೆಯರಲ್ಲಿ ತಾವೂ ಒಬ್ಬರು. ಅವರಿದ್ದ ದೇವಾಂಗರ ಬೀದಿಯ ಮಗ್ಗಗಳೆಲ್ಲ ಲಟಕ್ ಲಟಕ್ ಎನ್ನುವ ಹೊತ್ತಿನಲ್ಲಿ ಆ ಒಂದು ಮನೆ ಮಾತ್ರ ಸುಮ್ಮನಿರುತ್ತಿತ್ತು. ಸಂಬಳ ಕಡಿಮೆಯಾಗಿ ಹೊಟ್ಟೆಬಟ್ಟೆಗೆ ಬಿಗಿಯಾದದ್ದೂ ನಿಜ. ಮಧ್ಯಾಹ್ನಗಳಲ್ಲಿ ಮೇಸ್ತ್ರಿಗಳು ಸತ್ತೇಗಾಲದ ಕಡೆಯಿಂದ ತೆಂಗಿನಕಾಯಿ ತಂದು ಮಾರುತ್ತಿದ್ದರು. ಕೊಳ್ಳುವವರು "ನಿಮ್ಮಪ್ಪ ಎಲ್ಲಿ ಮಗ" ಎಂದು ಕೇಳಿದರೆ "ಒಳಗವ್ರೆ" ಎಂದು ಹೇಳಿ ವ್ಯಾಪಾರ ಮುಗಿಸುವಷ್ಟು ಪಳಗಿದ್ದರು.

ಅವರು ಬೆಳೆಯುತ್ತಿದ್ದಾರೆ ಎಂಬ ಗುಲ್ಲೂ ಬೀದಿಯಲ್ಲಿ ಹುಟ್ಟಿತು. ಅಂಗಿಯ ತೋಳು ಮೊಣಕೈಯ ಕಡೆಗೆ ಏರಿದ್ದನ್ನು ನಾನೂ ನೋಡಿದೆ. ಅವರು ಬಾಗಿಲಿನ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತು, "ಒಂದ್ ಬೆಳ್ಳು ಜಾಸ್ತಿ ಆಗದ, ನೋಡಿ" ಎಂದು ನನ್ನಿಂದ ಅಳೆಸಿದರು. ಅಂಗಿ ಒಗೆದು ಒಗೆದು ಕುಗ್ಗಿದೆ ಎಂದು ಹೆಂಡತಿ ಒಳಗಿನಿಂದಲೇ ಹೇಳಿದರು. ಯಾರ ಮಾತು ನಿಜವೋ ನನಗೆ ಇವತ್ತಿಗೂ ತಿಳಿಯದು.

ಮಗ ಓದಲಿಲ್ಲ. ವಯಸ್ಸಿಗೆ ಬಂದ ಮೇಲೆ ಲಾರಿ ಕಲಿತು, ಕಾಮಗೆರೆಯ ಹುಡುಗಿಯನ್ನು ಮದುವೆಯಾಗಿ ಚೆನ್ನಾಗಿ ಬಾಳಿದ. ಆಮೇಲೆ ಕೊಳ್ಳೇಗಾಲವೂ ಮೈಸೂರಿಗೆ ಸೇರಿತು, ಗಡಿಯ ಕಲ್ಲಿಗೆ ಕೆಲಸವಿಲ್ಲದಾಯಿತು, ಮೇಸ್ತ್ರಿಗಳು ಎರಡೂ ಕಡೆ ದೊಡ್ಡವರಾದರು. ಅದೆಲ್ಲ ನಂತರದ ಮಾತು. ನನ್ನ ಕಣ್ಣಿಗೆ ಅವರು ಕಟ್ಟುವುದು ಅದಕ್ಕೆ ಮೊದಲಿನ ಒಂದು ದಿನದ ರೂಪದಲ್ಲಿ.

ಇನ್ಸ್‌ಪೆಕ್ಟರಿಗೆ ವರ್ಗವಾಗಿತ್ತು. ಹೊರಡುವ ಮುನ್ನ ಕಾರ್ಖಾನೆಗೆ ಬಂದು, ಬಿಲ್ಲೆ ಹಾಕಿದ ಮಕ್ಕಳನ್ನೆಲ್ಲ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದರು. ಹೋಟೆಲಿನಿಂದ ತರಿಸಿದ ಬೂಂದಿ ಲಾಡು ಒಂದೊಂದನ್ನು ತಮ್ಮ ಕೈಯಾರೆ ಕೊಡುತ್ತ ಬಂದರು. ಸಾಲಿನ ನಡುವೆ ಮೇಸ್ತ್ರಿಗಳು, ಪಕ್ಕದಲ್ಲಿ ಈಗ ಬಿಲ್ಲೆ ಹಾಕಿಕೊಂಡು ಬೆಳಗಿನ ಅರ್ಧ ದಿನದ ಕೆಲಸಕ್ಕೆ ಬರುತ್ತಿದ್ದ ಮಗ. ಮೇಸ್ತ್ರಿಗಳ ಮುಂದೆ ಇನ್ಸ್‌ಪೆಕ್ಟರ ಕೈ ಒಂದು ಕ್ಷಣ ತಡೆಯಿತು. ಕೊಟ್ಟರೆ ಅವಮಾನವೋ, ಬಿಟ್ಟರೆ ಅವಮಾನವೋ ತಿಳಿಯದೆ ಅವರು ನನ್ನ ಕಡೆ ನೋಡಿದರು. ನನಗೂ ತಿಳಿಯಲಿಲ್ಲ. ಅಷ್ಟರಲ್ಲಿ ಮೇಸ್ತ್ರಿಗಳು ಎರಡು ಕೈಯನ್ನೂ ಪಂಚೆಗೆ ಒರೆಸಿಕೊಂಡು ಮುಂದೆ ಚಾಚಿದರು.

ಲಾಡನ್ನು ಅವರು ಮನೆಗೆ ಒಯ್ಯಲಿಲ್ಲ. ಪಕ್ಕದಲ್ಲಿದ್ದ ಮಗನಿಗೂ ಮುರಿದು ಕೊಡಲಿಲ್ಲ. ನಿಂತಲ್ಲೇ ನಿಂತು, ಒಂದೊಂದು ಕಾಳನ್ನೂ ಅವಸರವಿಲ್ಲದೆ ತಿಂದು ಮುಗಿಸಿ, ಅಂಗೈ ನೆಕ್ಕಿದರು.

ಗಂಡನಿಗೂ ಮಗನಿಗೂ ಬುತ್ತಿ ತಂದಿದ್ದ ಆಕೆ ಗೇಟಿನ ಹತ್ತಿರ ನಿಂತು ಇದನ್ನೆಲ್ಲ ನೋಡುತ್ತಿದ್ದರು. ಹತ್ತಿರ ಬಂದ ಮೇಲೆ, "ಚಿಕ್ಕೋಳ್ಗ ಒಂಚೂರು ಮಡಿಕ್ಕಬೌದಿತ್ತು" ಎಂದರು.

"ಅದು ನಂಗ ಕೊಟ್ಟುದ್ದು ಕಣಮ್ಮಿ" ಎಂದರು ಮೇಸ್ತ್ರಿಗಳು.

ಆಕೆ ಬುತ್ತಿಯನ್ನು ಕೆಳಗಿಟ್ಟು, ಸ್ವಲ್ಪ ಬಗ್ಗಿ, ಅವರ ತುಟಿಯ ಮೇಲೆ ಅಂಟಿದ್ದ ಒಂದು ಬೂಂದಿ ಕಾಳನ್ನು ಸೆರಗಿನಿಂದ ಒರೆಸಿದರು.